ಇವತ್ತು ಅಮ್ಮ ಏನಂದಳು?

ಜೂನ್ ೨೧

ಅಪ್ಪಾ,

ಕಾಗದವನ್ನು ‘ತೀರ್ಥರೂಪರಿಗೆ’ ಎಂದು ಶುರು ಮಾಡಬೇಕಂತೆ. ನನ್ನ ಕೋಣೆಯ ಜೊತೆಗಾತಿ ಹೇಳಿದಳು. ನಿನ್ನ ರೂಪ ನನಗೆ ಗೊತ್ತಿಲ್ಲವೇ? ಮೊಣಕೈವರೆಗೆ ಗ್ರೀಸು, ಜೇಬಿನಲ್ಲಿ ಟೆಸ್ಟರು, ಮೂರು ದಿನದ ಗಡ್ಡ. ಅದಕ್ಕೇ ಬರೀ ‘ಅಪ್ಪಾ’.

ಫೋನಿನಲ್ಲಿ ನಿನ್ನ ಹತ್ತಿರ ಮಾತಾಡುವುದಕ್ಕಿಂತ ಲೈಟುಕಂಬದ ಹತ್ತಿರ ಮಾತಾಡುವುದು ವಾಸಿ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡುತ್ತ, ಮೋಟಾರಿನ ಪಕ್ಕ ಕೂತು ಕಿವಿ ಮಂದ ಮಾಡಿಕೊಂಡಿದ್ದೀಯ. ನಾನು ಅರ್ಧ ಗಂಟೆ ಗಂಟಲು ಹರಿದುಕೊಂಡ ಮೇಲೆ “ಹೂಂ, ಇಡ್ಲಾ?” ಅನ್ನುತ್ತೀಯ. ಆದ್ದರಿಂದ ಇನ್ನು ಮೇಲೆ ಕಾಗದವೇ. ಉತ್ತರ ಬರೆಯದಿದ್ದರೆ ನೋಡು.

ತರಗತಿಯಲ್ಲಿ ನಾವು ಹನ್ನೆರಡು ಜನ. ಒಂದು ಉದ್ದ ಮೇಜು, ಸುತ್ತ ಕುರ್ಚಿ. ಪ್ರತಿವಾರ ಒಬ್ಬರು ಬರೆದದ್ದನ್ನು ಉಳಿದವರು ಓದಿಕೊಂಡು ಬಂದು ಬಿಚ್ಚಿ ಹರಡುತ್ತಾರೆ, ನೀನು ಗೇರ್‌ಬಾಕ್ಸ್ ಬಿಚ್ಚಿದ ಹಾಗೆ. ಆಗ ಬರೆದವರು ಒಂದಕ್ಷರ ಮಾತಾಡುವ ಹಾಗಿಲ್ಲ. ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂರುವುದು! ನಾನು! ಮೊದಲ ವಾರವೇ ನನ್ನ ಸರದಿ ಬಂತು. ಕೊನೆಗೆ ಕರವಸ್ತ್ರ ಕಚ್ಚಿಕೊಂಡು ಕೂತೆ.

ಮೇಡಂ ಇನ್ನೊಂದು ಕಟ್ಟಳೆ ಮಾಡಿದ್ದಾರೆ. ಅಭ್ಯಾಸಕ್ಕೆ ಬರೆದದ್ದನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಅವರ ಮನೆ ವಿಳಾಸಕ್ಕೆ ಪೋಸ್ಟ್ ಮಾಡಬೇಕು. ಅವರ ಕೋಣೆ ನಮ್ಮ ಕೋಣೆಯ ಎದುರಿಗೇ ಇದೆ! ಕೇಳಿದರೆ, “ಓದುವವರ ಪಕ್ಕ ನಿಂತು, ನಾನು ಹೇಳಿದ್ದು ಹಾಗಲ್ಲ ಹೀಗೆ ಅನ್ನೋಕೆ ನಿಮಗೆ ಆಗ್ಬಾರ್ದು, ಅದಕ್ಕೆ” ಅನ್ನುತ್ತಾರೆ.

ಕೆಳಗಿನ ಮನೆಯ ದರ್ಜಿ ಮಾಮ ಕೇಳಿದ್ದರಲ್ಲ, “ಕಥೆ ಬರೆಯೋಕೂ ಕಾಲೇಜಾ? ಮುಗಿದ್ಮೇಲೆ ಏನಾಗ್ತಾಳೆ ನಿಮ್ಮ ಹುಡುಗಿ?” ಅಂತ. ಅವರಿಗೆ ಹೇಳು. ನಮಗಿಂತ ಮುಂಚೆ ಇಲ್ಲಿ ಕಲಿತವರಲ್ಲಿ ಒಬ್ಬ ಮಾತ್ರೆ ಡಬ್ಬಿಯೊಳಗೆ ಮಡಚಿಟ್ಟಿರುತ್ತಾರಲ್ಲ, ಆ ಚೀಟಿ ಬರೆಯುತ್ತಾನೆ. ಒಬ್ಬಳು ರೇಡಿಯೋ ಜಾಹೀರಾತು. ಇನ್ನೊಬ್ಬ ಕಂಪ್ಯೂಟರ್ ಆಟಗಳಲ್ಲಿ ಗುಂಡು ತಗಲಿದ ಸೈನಿಕರು ಏನೇನು ಕಿರುಚಬೇಕು ಎಂದು ಬರೆಯುತ್ತಾನಂತೆ, ಒಂದೇ ತಿಂಗಳಲ್ಲಿ ಎಂಬತ್ತು ಥರದ ‘ಅಯ್ಯೋ’. ಮತ್ತೊಬ್ಬಳು ಕಾರ್ಖಾನೆ ಮಾಲೀಕರಿಗೆ ಭಾಷಣ ಬರೆದುಕೊಟ್ಟು ಹಿಂದಿನ ಸಾಲಿನಲ್ಲಿ ಕೂತು ತಾನೇ ಚಪ್ಪಾಳೆ ಹೊಡೆಯುತ್ತಾಳೆ. ಒಬ್ಬಳು ನಿಜವಾಗಿ ಕಾದಂಬರಿ ಬರೆದಿದ್ದಾಳೆ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ.

ಸಂದರ್ಶನದ ವಿಷಯ ನಿನಗೆ ಹೇಳಲೇ ಇಲ್ಲ. “ಯಾಕೆ ಬರೀತೀಯ?” ಅಂತ ಕೇಳಿದರು. ಬೇರೆಯವರೆಲ್ಲ ಏನೇನೋ ದೊಡ್ಡ ಮಾತು ಹೇಳಿದರಂತೆ. ನಾನು ಅಮ್ಮ ಕೊನೆಯ ದಿನ ನಿನ್ನ ಕೈಯಲ್ಲಿ ಹೇಳಿ ಕಳಿಸಿದ ಮಾತು ಹೇಳಿದೆ. “ಚಿನಕುರುಳಿಗೆ ಹೇಳು, ಮಾತಾಡ್ತಾನೇ ಇರ್ಲಿ, ನಾನು ಕೇಳಿಸ್ಕೊಳ್ತಾ ಇರ್ತೀನಿ.” ಆರು ವರ್ಷದಿಂದ ಇಪ್ಪತ್ತನಾಲ್ಕರವರೆಗೆ ಅದನ್ನೇ ಮಾಡಿಕೊಂಡು ಬಂದಿದ್ದೇನೆ, ಈಗ ಅದನ್ನೇ ಕಾಗದದ ಮೇಲೆ ಮಾಡಬೇಕು ಅಂದೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಸೀಟು ಸಿಕ್ಕಿದ್ದು ಅದರಿಂದಲೇ, ನನ್ನ ಅಂಕಗಳಿಂದಲ್ಲ.

ಬರಿ. ಕಾಯುತ್ತಿರುತ್ತೇನೆ.

ನಿನ್ನ ಚಿನಕುರುಳಿ


ಜುಲೈ ೮

ಚಿನಕುರುಳಿ,

ನಿನ್ನ ಎರಡನೇ ಕವರು ಬಂತು. ಒಂಬತ್ತು ಮಹಡಿಯ ಕಟ್ಟಡದ ಮೇಲೆ ಮೋಟಾರ್ ಕೋಣೆಯಲ್ಲಿ ಕೂತು ಒಡೆದೆ. ‘ನನ್ನ ಮುದ್ದು ಮಗಳೇ’ ಅಂತ ಶುರು. ಏನಪ್ಪಾ ಇದು ಎಂದುಕೊಂಡು ಹಾಳೆ ತಿರುವಿ ಕೆಳಗೆ ನೋಡಿದರೆ, ‘ಇಂತಿ ನಿನ್ನ ಅಮ್ಮ’.

ಕೈಯಲ್ಲಿದ್ದ ಸ್ಪ್ಯಾನರು ಕೆಳಗೆ ಬಿತ್ತು. ಹದಿನೆಂಟು ವರ್ಷದ ಹಿಂದೆ ಹೋದವಳು ನನ್ನ ಹೆಸರಿನ ಕವರಿನಲ್ಲಿ ಬಂದು ಕೂತರೆ ಮನುಷ್ಯನ ಗತಿ ಏನು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸತ್ತವರ ಹೆಸರಲ್ಲಿ ಕಾಗದ ಬರೆಸುವುದು ಎಂಥ ವಿದ್ಯೆ? ಇದಕ್ಕೊಂದು ವಿಶ್ವವಿದ್ಯಾಲಯ ಬೇರೆ ಕೇಡು. ವಾಪಸು ಕಳಿಸಿದ್ದೇನೆ, ಇಟ್ಟುಕೋ. ಇಂಥದ್ದನ್ನು ನನಗೆ ಕಳಿಸಬೇಡ.

ಓದಿದ್ದಂತೂ ಓದಿದೆ, ಆದ್ದರಿಂದ ಒಂದು ಮಾತು. ನಿನ್ನ ಅಮ್ಮನ ಬಾಯಲ್ಲಿ ‘ಮುದ್ದು’ ಎಂಬ ಶಬ್ದ ನಾನು ಒಂದು ದಿನವೂ ಕೇಳಿಲ್ಲ. “ಏ ತರ್ಲೆ” ಅಂದರೆ ಅದರಲ್ಲೇ ಎಲ್ಲ ಬಂತು. ಮತ್ತೆ ‘ಊಟ ಮಾಡಿದೆಯಾ ಕಂದಾ’ ಅಂತ ಬರೆದಿದ್ದೀಯ. ಅವಳು ಹಾಗೆ ಕೇಳುವವಳೇ ಅಲ್ಲ. “ಏನು ತಿಂದೆ? ನಾಲಿಗೆ ತೋರಿಸು” ಅನ್ನುತ್ತಿದ್ದಳು. ಗೊತ್ತಿಲ್ಲದಿದ್ದರೆ ಬರೆಯಬಾರದು.

ಅಪ್ಪ


ಜುಲೈ ೧೫

ಅಪ್ಪಾ, ಅಪ್ಪಾ,

ತಪ್ಪಾಯಿತು, ತಪ್ಪಾಯಿತು, ಕಿವಿ ಹಿಡಿದುಕೊಂಡೆ. ಎರಡು ಕವರು ಒಂದೇ ದಿನ ಅಂಟಿಸಿದೆ, ಒಳಗಿನದು ಅದಲುಬದಲಾಯಿತು. ‘ನಿಮಗೆ ಒಂದು ಸಲವೂ ಕಾಗದ ಬರೆಯದ ಹತ್ತಿರದವರು ಬರೆದ ಹಾಗೆ ಒಂದು ಕಾಗದ ಬರೆಯಿರಿ’ ಎಂಬುದು ಮೇಡಂ ಕೊಟ್ಟ ಅಭ್ಯಾಸ. ಅದು ನಿನಗೆ ಬಂತು. ನಿನಗೆ ಬರೆದದ್ದು ಮೇಡಂ ಮನೆಗೆ ಹೋಯಿತು. ಅದರಲ್ಲಿ ಏನಿತ್ತು ಗೊತ್ತಾ? ‘ಮೇಡಂ ನಡೆಯುವುದು ನೋಡಿದರೆ ಸಾಲ ಕೊಟ್ಟವರು ವಸೂಲಿಗೆ ಹೊರಟ ಹಾಗಿರುತ್ತದೆ’ ಅಂತ. ಕೆಂಪು ಇಂಕಿನಲ್ಲಿ ಬರೆದು ವಾಪಸು ಕೊಟ್ಟರು: ‘ಈ ಹೋಲಿಕೆ ಚೆನ್ನಾಗಿದೆ. ಅಭ್ಯಾಸ ಎಲ್ಲಿ?’ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆದರೆ ಅಪ್ಪಾ, ಒಂದು ಮಾತು ಹೇಳಲಾ? ನಿನ್ನ ಕಾಗದದ ಮೊದಲ ಭಾಗ ಓದಿ ಅತ್ತೆ. ಕೊನೆಯ ನಾಲ್ಕು ಸಾಲು ಓದಿ ಎದ್ದು ಕೂತೆ. “ನಾಲಿಗೆ ತೋರಿಸು!” ಹದಿನೆಂಟು ವರ್ಷದಲ್ಲಿ ನೀನು ಅಮ್ಮನ ಬಗ್ಗೆ ಇಷ್ಟು ಮಾತು ಒಟ್ಟಿಗೆ ಹೇಳಿದ್ದೇ ಇಲ್ಲ. ನಾನು ಕೇಳಿದಾಗೆಲ್ಲ ನೀನು “ಒಳ್ಳೆಯವಳು” ಎಂದು ಹೇಳಿ ಎದ್ದು ಹೋಗುತ್ತಿದ್ದೆ. ಒಳ್ಳೆಯವಳು ಎಂಬುದನ್ನು ಇಟ್ಟುಕೊಂಡು ನಾನೇನು ಮಾಡಲಿ? ನನಗೆ ಅವಳ ಮುಖ ಫೋಟೋದಲ್ಲಿದ್ದಷ್ಟೇ ನೆನಪು. ಕೈಯ ಬಿಸಿ ಸ್ವಲ್ಪ ನೆನಪು. ಅಷ್ಟು ಬಿಟ್ಟರೆ ಇನ್ನೇನಿಲ್ಲ.

ಆ ಕಾಗದವನ್ನು ಮತ್ತೆ ಬರೆಯುತ್ತೇನೆ. ತಪ್ಪು ಎಲ್ಲೆಲ್ಲಿದೆ ಹೇಳು. ಕೋಪ ಮಾಡಿಕೊಂಡೇ ಹೇಳು, ಪರವಾಗಿಲ್ಲ. ದಮ್ಮಯ್ಯ.

ಚಿನಕುರುಳಿ


ಆಗಸ್ಟ್ ೩೦

ಚಿನಕುರುಳಿ,

ಆರು ವಾರ ತಡವಾಯಿತು. ಬರೆಯುವುದು, ಹರಿಯುವುದು, ಇದೇ ಆಯಿತು. ದರ್ಜಿ, “ಏನೋ, ಈ ವಯಸ್ಸಲ್ಲಿ ಯಾರಿಗೆ ಪ್ರೇಮಪತ್ರ ಬರೀತಿದ್ದೀಯ?” ಅಂದ. ನಿನ್ನ ಮಗಳ ಮದುವೆಗೆ ಆಹ್ವಾನಪತ್ರ ಬರೀತಿದ್ದೀನಿ ಅಂದೆ. ಅವನಿಗೆ ಮಗಳೇ ಇಲ್ಲ, ತಲೆ ಕೆರೆದುಕೊಂಡು ಹೋದ.

ನಿನ್ನ ಕಾಗದದಲ್ಲಿ ಅಮ್ಮ ಮೆತ್ತಗೆ ಮಾತಾಡುತ್ತಾಳೆ. ಅದು ಸುಳ್ಳು. ಅವಳ ಮುಖ ನೋಡುವುದಕ್ಕೆ ಮುಂಚೆ ಇಪ್ಪತ್ತು ನಿಮಿಷ ನಾನು ಅವಳ ಗಂಟಲು ಕೇಳಿದವನು. ನಾಲ್ಕನೇ ಮಹಡಿಯ ಚಪ್ಪಲಿ ಅಂಗಡಿಯಲ್ಲಿ ಅವಳು ಕೆಲಸಕ್ಕಿದ್ದಳು, ಅದು ನಿನಗೆ ಗೊತ್ತು. ಒಂದು ದಿನ ನಲವತ್ತು ಶೂ ಡಬ್ಬಿಗಳ ಜೊತೆ ಎರಡು ಮಹಡಿಗಳ ಮಧ್ಯೆ ಲಿಫ್ಟಿನಲ್ಲಿ ಸಿಕ್ಕಿಕೊಂಡಳು. ನಾನು ಮೇಲಿನಿಂದ, “ಮೇಡಂ, ಹೆದರ್ಕೋಬೇಡಿ, ಹತ್ತು ನಿಮಿಷ” ಅಂದೆ.

“ನಾನ್ಯಾಕ್ರೀ ಹೆದರ್ಲಿ? ಸುಸ್ತಾಗಿರೋದು ನಿಮ್ಮ ಲಿಫ್ಟಿಗಾ, ನಿಮಗಾ?”

“ಬ್ರೇಕು ಕಚ್ಕೊಂಡಿದೆ ಮೇಡಂ. ಹತ್ತೇ ನಿಮಿಷ.”

“ಹತ್ತು ನಿಮಿಷ ಅಂತ ಆಗ್ಲೇ ಮೂರು ಸಲ ಅಂದ್ರಿ. ಮಗ್ಗಿ ಬರಲ್ವಾ?”

ಬಾಗಿಲು ತೆಗೆದಾಗ ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. “ಎಡಗಾಲಿನ ಅಟ್ಟೆ ಒಂದೇ ಕಡೆ ಸವೆದಿದೆ. ವಾಲ್ಕೊಂಡು ನಡೀತೀರ” ಅಂತ ಹೇಳಿ, ನನ್ನ ಕೈಗೇ ಇಪ್ಪತ್ತು ಡಬ್ಬಿ ಹೊರಿಸಿದಳು. ಆ ತಿಂಗಳು ನಾನು ಮೂರು ಜೊತೆ ಶೂ ಕೊಂಡೆ. “ಜರಿಹುಳಾನಾ ನೀನು?” ಅಂತ ದರ್ಜಿ ಕೇಳಿದ್ದ.

ಇನ್ನೂ ಇದೆ. ಅವಳಿಗೆ ಹಾಡು ಬರುತ್ತಿರಲಿಲ್ಲ, ಆದರೆ ಹಾಡುತ್ತಿದ್ದಳು. ಜನರನ್ನು ಪಾದದ ಗುರುತಿನಿಂದ ನೆನಪಿಟ್ಟುಕೊಳ್ಳುತ್ತಿದ್ದಳು, ‘ಏಳು ನಂಬರು ಅಗಲ ಪಾದದೋರು ಸಿಕ್ಕಿದ್ರು’ ಅಂತ. ಸಿಟ್ಟು ಬಂದರೆ ಪಾತ್ರೆ ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ. ನೀನು ಹುಟ್ಟಿದಾಗ ಮೊದಲು ಕಾಲಿನ ಹೆಬ್ಬೆರಳು ಹಿಡಿದು ನೋಡಿ, “ನಿನ್ನ ಥರ ವಾಲಲ್ಲ ಬಿಡು” ಅಂದಳು.

ಬರೆಯುತ್ತ ಹೋದ ಹಾಗೆ ಬರುತ್ತಿದೆ. ಇವತ್ತಿಗೆ ಸಾಕು. ಕಣ್ಣು ಸರಿಯಿಲ್ಲ.

ಅಪ್ಪ


ಅಕ್ಟೋಬರ್ ೧೨

ಅಪ್ಪಾ,

ಸೆಪ್ಟೆಂಬರಿನಲ್ಲಿ ನೀನು ಕಳಿಸಿದ ಮೂರು ಕಾಗದಗಳೂ ನನ್ನ ದಿಂಬಿನ ಕೆಳಗಿವೆ. ಮಡಿಕೆ ಹರಿಯುವಷ್ಟು ಸಲ ಓದಿದ್ದೇನೆ.

ಅಮ್ಮನ ಕಾಗದವನ್ನು ತರಗತಿಯಲ್ಲಿ ಓದಲು ಕೊಟ್ಟೆ. ಮಗ್ಗಿಯ ಮಾತು ಬಂದಾಗ ಎಲ್ಲರೂ ನಕ್ಕರು. ನಮ್ಮಲ್ಲಿ ಒಬ್ಬರು ನಿವೃತ್ತ ಕಂಡಕ್ಟರ್ ಇದ್ದಾರೆ, ಅವರು, “ಈ ಹೆಂಗಸು ನಮ್ಮ ಬಸ್ಸಲ್ಲಿ ದಿನಾ ಜಗಳ ಆಡ್ತಿದ್ರು, ನಂಗೆ ಗ್ಯಾರಂಟಿ” ಅಂದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹನ್ನೊಂದು ಜನ ನನ್ನ ಅಮ್ಮನ ಬಗ್ಗೆ, ಅವಳು ಆಗತಾನೆ ಎದ್ದು ಪಕ್ಕದ ಕೋಣೆಗೆ ಹೋಗಿದ್ದಾಳೆ ಎನ್ನುವ ಹಾಗೆ ಮಾತಾಡುತ್ತಿದ್ದರು. ಅಪ್ಪಾ, ಆ ಒಂದು ಗಂಟೆ ನನಗೆ ಅಮ್ಮ ಇದ್ದಳು.

ಇದನ್ನೇ ವರ್ಷದ ಕೊನೆಯ ಕೃತಿಯಾಗಿ ಮಾಡು ಎಂದರು ಮೇಡಂ. ಅಮ್ಮ ನನಗೆ ಬರೆದ ಹತ್ತು ಕಾಗದ. ಅದರ ಜೊತೆ ವಾರಕ್ಕೆ ಎರಡು ದಿನ ಹೊರಗೆ ಕೆಲಸ ಕಲಿಯಬೇಕು. ನನಗೆ ಒಂದು ಆಸ್ಪತ್ರೆ ಸಿಕ್ಕಿದೆ. ಇನ್ನು ವಾಸಿಯಾಗುವುದಿಲ್ಲ ಎಂದು ಗೊತ್ತಾದವರ ವಾರ್ಡು. ಅವರು ಮನೆಯವರಿಗೆ ಹೇಳಬೇಕಾದ್ದನ್ನು ಪಕ್ಕದಲ್ಲಿ ಕೂತು ಕೇಳಿ ಬರೆದುಕೊಡುವುದು. ಮುಂದೆ ಕೆಲಸ ಕೊಟ್ಟರೂ ಕೊಡಬಹುದಂತೆ. ದರ್ಜಿ ಮಾಮನಿಗೆ ಹೇಳು, ಹುಡುಗಿ ಏನಾಗ್ತಾಳೆ ಅಂತ ಕೇಳಿದರಲ್ಲ, ಗುಮಾಸ್ತೆ ಆಗ್ತಾಳೆ.

ಒಂಬತ್ತು ಕಾಗದ ಆಗಿವೆ. ಹತ್ತನೆಯದು ಮಾತ್ರ ಬರುತ್ತಿಲ್ಲ. ಅದು ಆಸ್ಪತ್ರೆಯ ಕೊನೆಯ ದಿನದ್ದು, ಅವಳ ಆ ಮಾತಿನಿಂದಲೇ ಮುಗಿಯಬೇಕು. ನನಗೆ ನೆನಪಿದೆ. ಅಮ್ಮ ಆಸ್ಪತ್ರೆಯಲ್ಲಿದ್ದ ಎಂಟೂ ದಿನ ನಾನು ಸಾಯಂಕಾಲ ಬಾಗಿಲಲ್ಲಿ ನಿಂತಿರುತ್ತಿದ್ದೆ. ನೀನು ಬಂದ ಕೂಡಲೇ, “ಇವತ್ತು ಅಮ್ಮ ಏನಂದ್ಲು?” ನೀನು ದಿನಾ ಒಂದು ಮಾತು ತರುತ್ತಿದ್ದೆ. ಬೇರೆ ಮಕ್ಕಳ ಅಪ್ಪಂದಿರು ಬಿಸ್ಕೆಟ್ ತಂದ ಹಾಗೆ. ಅವುಗಳಲ್ಲಿ ಆ ಕೊನೆಯದೊಂದೇ ನನ್ನಲ್ಲಿ ಉಳಿದಿರುವುದು.

ಅದನ್ನು ಹೇಳುವಾಗ ಅವಳು ಕೂತಿದ್ದಳಾ, ಮಲಗಿದ್ದಳಾ? ನಿನ್ನ ಕೈ ಹಿಡಿದುಕೊಂಡಿದ್ದಳಾ? ಯಾವ ದನಿಯಲ್ಲಿ ಹೇಳಿದಳು? ಇದೊಂದನ್ನು ಹೇಳಿಬಿಡು ಅಪ್ಪಾ. ಆಮೇಲೆ ಏನೂ ಕೇಳುವುದಿಲ್ಲ.

ಚಿನಕುರುಳಿ


ಅಕ್ಟೋಬರ್ ೨೫

ಚಿನಕುರುಳಿ,

ಕಾಗದ ಬಂತು. ಇಲ್ಲಿ ಕೆಲಸ ಜಾಸ್ತಿ. ಹೊಸ ಕಟ್ಟಡದಲ್ಲಿ ಎರಡು ಲಿಫ್ಟಿನ ಹಗ್ಗ ಬದಲಾಯಿಸಬೇಕು. ದರ್ಜಿಗೆ ಕಣ್ಣಿನ ಆಪರೇಷನ್ ಆಯಿತು, ಈಗ ಸೂಜಿಗೆ ದಾರ ಪೋಣಿಸಿ ಎಲ್ಲರಿಗೂ ತೋರಿಸುತ್ತಿದ್ದಾನೆ.

ಒಂಬತ್ತು ಕಾಗದ ಸಾಕು. ಹತ್ತೇ ಆಗಬೇಕೆಂದು ಯಾರ ಕಾನೂನು? ಕೊನೆಯ ದಿನದ್ದು ಬರೆಯಬೇಡ. ಆ ಮಾತನ್ನೂ ಹಾಕಬೇಡ.

ಸ್ವೆಟರ್ ಹಾಕಿಕೊಳ್ಳುತ್ತಿದ್ದೀ ತಾನೇ.

ಅಪ್ಪ


ನವೆಂಬರ್ ೨

ಅಪ್ಪಾ,

ಯಾಕೆ ಹಾಕಬಾರದು? ಯಾವ ವಿಷಯಕ್ಕೆ ಬಂದರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ಶೂ ಡಬ್ಬಿ, ಪಾತ್ರೆ, ಮಗ್ಗಿ, ಅದೆಲ್ಲ ನಿನ್ನದು, ನೀನು ಕೊಟ್ಟದ್ದು. ಆ ಒಂದು ಮಾತು ಮಾತ್ರ ನನ್ನದು. ನನಗೆ ಅಂತಲೇ ಅವಳು ಹೇಳಿ ಕಳಿಸಿದ್ದು. ಶಾಲೆಯಲ್ಲಿ ಬಾಯಿಬಡಕಿ ಎಂದು ಬೆಂಚಿನ ಮೇಲೆ ನಿಲ್ಲಿಸಿದಾಗ ಅದನ್ನು ನೆನೆಸಿಕೊಂಡು ನಿಂತಿದ್ದೇನೆ. ನೀನು ಕೆಲಸಕ್ಕೆ ಹೋದ ಮೇಲೆ ಖಾಲಿ ಮನೆಯಲ್ಲಿ ಗಟ್ಟಿಯಾಗಿ ಮಾತಾಡಿಕೊಂಡಿರುತ್ತಿದ್ದೆ, ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಅಂತ. ನಾನು ಹುಚ್ಚಿಯಾಗದೆ ಉಳಿದಿದ್ದರೆ ಅದರಿಂದ.

ನನ್ನ ವಸ್ತುವನ್ನು ಮುಟ್ಟಬೇಡ ಎನ್ನಲು ನೀನು ಯಾರು? ಕಾರಣ ಹೇಳು. ಇಲ್ಲದಿದ್ದರೆ ಅದು ಹತ್ತನೇ ಕಾಗದದ ಕೊನೆಯ ಸಾಲು, ನೂರಕ್ಕೆ ನೂರು.

ನಿನ್ನ ಮಗಳು


ಡಿಸೆಂಬರ್ ೨೯

ಮಗಳೇ,

ನೀನು ಕಾರಣ ಕೇಳಿದೆ. ನಾನು ಎರಡು ತಿಂಗಳು ಯೋಚನೆ ಮಾಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ನೀನು ಅದನ್ನು ಅಚ್ಚು ಹಾಕಿಸಿ ನಾಲ್ಕು ಜನಕ್ಕೆ ಕೊಡುವ ಹೊತ್ತಿಗೂ ನಾನು ಸುಮ್ಮನಿದ್ದರೆ ಮನುಷ್ಯನಲ್ಲ.

ಆ ಮಾತು ನಿನ್ನ ಅಮ್ಮ ಹೇಳಿದ್ದಲ್ಲ. ನಾನು ಹೇಳಿದ್ದು.

ಅವಳು ಆರನೇ ದಿನವೇ ಮಾತು ನಿಲ್ಲಿಸಿದ್ದಳು. ಜ್ವರ ತಲೆಗೇರಿ ಕಣ್ಣು ತೆರೆಯುತ್ತಿರಲಿಲ್ಲ. ಆರನೇ ದಿನ, ಏಳನೇ ದಿನ ನಾನು ಬಂದು, “ಅಮ್ಮ ಮಲಗಿದ್ಲು, ಏನೂ ಅನ್ಲಿಲ್ಲ” ಅಂದೆ. ನೀನು ಮುಖ ಊದಿಸಿಕೊಂಡೆ. ಎಂಟನೇ ದಿನ ಬೆಳಿಗ್ಗೆ ಕಂಪನಿಯಿಂದ ಫೋನು. ಲಿಫ್ಟಿನಲ್ಲಿ ಒಂಬತ್ತು ಜನ ಸಿಕ್ಕಿಕೊಂಡಿದ್ದಾರೆ, ಒಬ್ಬಳು ತುಂಬಿದ ಬಸುರಿ, ಹತ್ತಿರದಲ್ಲಿ ಬೇರೆ ಮೆಕ್ಯಾನಿಕ್ ಇಲ್ಲ. ನರ್ಸು, “ಹೋಗ್ಬನ್ನಿ, ಇವರು ಹಾಗೇ ಇದ್ದಾರೆ” ಅಂದಳು. ಹೋದೆ. ನಲವತ್ತು ನಿಮಿಷದ ಕೆಲಸ. ಒಂಬತ್ತು ಜನರೂ ಹೊರಗೆ ಬಂದರು. ವಾಪಸು ಬಂದೆ. ಹಾಸಿಗೆಗೆ ಬೇರೆ ಹೊದಿಕೆ ಹಾಸುತ್ತಿದ್ದರು.

ಅವಳು ಏನೂ ಹೇಳಲಿಲ್ಲ. ಹೇಳಿದ್ದರೂ ಕೇಳಲು ನಾನು ಇರಲಿಲ್ಲ. ಇದನ್ನು ನಾನು ಯಾರ ಹತ್ತಿರವೂ ಹೇಳಿಲ್ಲ, ದರ್ಜಿಯ ಹತ್ತಿರ ಕೂಡ.

ಸಾಯಂಕಾಲ ಮನೆಗೆ ಬಂದಾಗ ನೀನು ಬಾಗಿಲು ತೆಗೆದೆ. “ಇವತ್ತು ಅಮ್ಮ ಏನಂದ್ಲು?” ಅಂತ ಕೇಳಿದೆ. ಅವಳು ಹೋದಳು ಎಂದು ಹೇಳುವುದಕ್ಕೆ ಮುಂಚೆ ನನ್ನ ಬಾಯಿಂದ ಆ ಮಾತು ಬಂತು. ಅಷ್ಟೇ.

ಅವಳು ನಿಜವಾಗಿ ನಿನಗೋಸ್ಕರ ಕೊನೆಯದಾಗಿ ಹೇಳಿದ್ದು ಐದನೇ ದಿನ. “ತರ್ಲೆ ಶೂ ಬಿಗಿಯಾಗಿದೆ, ಹೇಳ್ಕೊಳ್ತಿಲ್ಲ ಅವ್ಳು. ಒಂದು ನಂಬರ್ ದೊಡ್ಡದು ಕೊಡಿಸು.” ಕೊಡಿಸಿದ್ದೆ. ಅದು ನಿನಗೆ ನೆನಪಿಲ್ಲ. ನೆನಪಿಟ್ಟುಕೊಳ್ಳುವಂಥ ಮಾತು ಅದಲ್ಲವಲ್ಲ. ನಾನು ಕಟ್ಟಿದ್ದನ್ನು ಮಾತ್ರ ನೀನು ಎದೆಗೆ ಒತ್ತಿಕೊಂಡು ಬೆಳೆದೆ. ಪ್ರತಿ ಸಲ ನೀನು ಅದನ್ನು ಹೇಳಿದಾಗ ನಿಜ ಹೇಳಿಬಿಡುತ್ತೇನೇನೋ ಅನ್ನಿಸುತ್ತಿತ್ತು. ಅದಕ್ಕೇ ಎದ್ದು ಹೋಗುತ್ತಿದ್ದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಅಪ್ಪ


ಫೆಬ್ರವರಿ ೨೦

ಮಗಳೇ,

ಎಂಟು ವಾರವಾಯಿತು. ಫೋನು ಮಾಡಿದರೆ ನಿನ್ನ ಜೊತೆಗಾತಿ, “ಕ್ಲಾಸಲ್ಲಿದ್ದಾಳೆ” ಅನ್ನುತ್ತಾಳೆ. ಭಾನುವಾರವೂ ಕ್ಲಾಸೇ. ಪಾಪ, ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ.

ಬೈಯಬೇಕೆನ್ನಿಸಿದರೆ ಬೈದು ಬರಿ. ಬರೆಯದೆ ಮಾತ್ರ ಇರಬೇಡ. ಅಂಚೆಯವನು ನಮ್ಮ ಬಾಗಿಲು ದಾಟುವಾಗ ಈಗೀಗ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾನೆ.

ಸೆಪ್ಟೆಂಬರಿನಲ್ಲಿ ಬರೆಯದೆ ಬಿಟ್ಟದ್ದು ಒಂದು ಇತ್ತು. ಅವಳು ಶೂ ಲೇಸು ಕಟ್ಟುವಾಗ ನಾಲಿಗೆಯ ತುದಿ ಹೊರಗೆ ಹಾಕುತ್ತಿದ್ದಳು. ನೀನು ಬರೆಯುವಾಗ ಹಾಗೇ ಮಾಡುತ್ತೀಯ.

ಅಪ್ಪ


ಏಪ್ರಿಲ್ ೧೪

ಅಪ್ಪಾ,

ಸಿಟ್ಟಿತ್ತು. ಸುಳ್ಳು ಹೇಳುವುದಿಲ್ಲ, ತುಂಬಾ ಸಿಟ್ಟಿತ್ತು. ನಿನ್ನ ಕಾಗದ ಓದಿದ ದಿನ ಅಮ್ಮ ಎರಡನೇ ಸಲ ಹೋದಳು. ನಾನು ಬರೆಯುವುದನ್ನು ನಿಲ್ಲಿಸಿದೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದ ಮೇಲೆ ಯಾರಿಗೆ ಬರೆಯಲಿ? ಮಾತೂ ಕಡಿಮೆಯಾಯಿತು. ಜೊತೆಗಾತಿ ಹೆದರಿ ನನ್ನ ಹಣೆ ಮುಟ್ಟಿ ನೋಡಿದಳು.

ಆಸ್ಪತ್ರೆಗೆ ಮಾತ್ರ ಹೋಗುತ್ತಿದ್ದೆ. ಅಲ್ಲಿ ಬರೀ ಬೇರೆಯವರ ಮಾತು ಬರೆಯುವುದು, ನನ್ನದು ಏನೂ ಬೇಕಾಗಿಲ್ಲ. ಮಾರ್ಚಿನಿಂದ ಅದೇ ನನಗೆ ಕೆಲಸವೂ ಆಗಿದೆ. ಮೊದಲ ದಿನವೇ ಅಲ್ಲಿನ ದೊಡ್ಡ ನರ್ಸಕ್ಕ ಹೇಳಿದ್ದರು, “ಅವರು ಹೇಳಿದ್ದಷ್ಟೇ ಬರಿ. ಒಂದು ಅಕ್ಷರ ಸೇರಿಸ್ಬೇಡ.” ನಾನು ಸೇರಿಸಿರಲಿಲ್ಲ.

ಹೋದ ವಾರ ಒಬ್ಬ ಮುದುಕರಿದ್ದರು. ಲಾರಿ ಓಡಿಸುತ್ತಿದ್ದವರು. “ಮಗಳಿಗೆ ಬರೀಬೇಕು, ಕೂತ್ಕೋ” ಅಂದರು. ಕೂತೆ. ನಾಲ್ಕು ದಿನ ಅವರು ಹೇಳಿದ್ದು ಲಾರಿಯ ವಿಷಯ. ಟೈರು, ಹಾರ್ನು, ಇಳಿಜಾರಿನಲ್ಲಿ ಬ್ರೇಕು ಹೋದದ್ದು. “ಮಗಳಿಗೆ ಏನು ಬರೀಲಿ ತಾತಾ?” ಅಂದರೆ, “ತಾಳಮ್ಮ, ಅಲ್ಲಿಗೇ ಬರ್ತಿದ್ದೀನಿ” ಎಂದರು. ಹದಿನಾರು ಪುಟ ಆಯಿತು. ಐದನೇ ದಿನ ಬೆಳಿಗ್ಗೆ ಹೋದರು. ಅಲ್ಲಿಗೆ ಬರಲೇ ಇಲ್ಲ.

ಮಧ್ಯಾಹ್ನ ಮಗಳು ಬಂದಳು. ನಿನ್ನ ವಯಸ್ಸೇ ಇರಬೇಕು. ಬಸ್ಸಿನಿಂದ ನೇರ ಬಂದಿದ್ದಳು, ಹೆಗಲ ಮೇಲಿನ ಚೀಲವನ್ನೂ ಇಳಿಸಿರಲಿಲ್ಲ. ಬರೆಯುವವಳು ನಾನು ಎಂದು ಯಾರೋ ತೋರಿಸಿದರು. ನನ್ನ ಮುಂದೆ ಬಂದು ನಿಂತು ಕೇಳಿದಳು:

“ನನಗೆ ಅಂತ ಏನಾದ್ರೂ ಅಂದ್ರಾ?”

ಅಪ್ಪಾ, ನನ್ನ ಕೈಯಲ್ಲಿ ಹದಿನಾರು ಪುಟ ಲಾರಿ ಇತ್ತು. ನಾನು ಹೇಳಿದೆ, “ನಿಮ್ಮ ಹೆಸರು ಕರೆದ್ರು. ಎರಡು ಸಲ.”

ಅವಳ ಹೆಸರೇ ನನಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ ಅವಳು ಕೇಳಲಿಲ್ಲ. ಅವಳ ಮುಖ ಹೇಗಾಯಿತು ಎಂದು ಬರೆಯಲು ನಾಲ್ಕು ದಿನದಿಂದ ನೋಡುತ್ತಿದ್ದೇನೆ, ಒಂದು ವರ್ಷ ಕಲಿತದ್ದು ಒಂದೂ ಉಪಯೋಗಕ್ಕೆ ಬರುತ್ತಿಲ್ಲ. ಚೀಲ ಇಳಿಸಿ ನನ್ನ ಕೈ ಹಿಡಿದುಕೊಂಡು ಅತ್ತಳು. ಲಾರಿಯ ಪುಟಗಳನ್ನೂ ಕೊಟ್ಟೆ. ಅದರಲ್ಲಿ ಒಂದು ಅಕ್ಷರ ಸೇರಿಸಿಲ್ಲ.

ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನರ್ಸಕ್ಕನಿಗೆ ಹೇಳಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಾಗ ನಿನ್ನ ಮೇಲೆ ಮೂರು ತಿಂಗಳಿಂದ ಕೂಡಿಟ್ಟ ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ. ನೀನು ಬೇಕೆನಿಸಿತು, ಅಷ್ಟೇ. ಈಗಲೇ, ಅಲ್ಲೇ, ಗ್ರೀಸು ಮೆತ್ತಿದ ಕೈಯಲ್ಲೇ ಬೇಕೆನಿಸಿತು.

ಹತ್ತನೇ ಕಾಗದ ಬರೆದು ಮುಗಿಸಿದೆ. ಅದು ‘ಒಂದು ನಂಬರ್ ದೊಡ್ಡದು ಕೊಡಿಸು’ ಎಂದು ಮುಗಿಯುತ್ತದೆ. ಮೇಡಂ ಅದನ್ನು ಓದಿ ಎದ್ದು ಕಿಟಕಿಯ ಹತ್ತಿರ ಹೋದರು. ಕೆಂಪು ಇಂಕು ಎಲ್ಲೂ ಇಲ್ಲ.

ಒಂದು ಕೇಳುತ್ತೇನೆ. ಬರೆಯಲು ಅಲ್ಲ, ನನಗೆ ಬೇಕು. ಆ ಹೆಂಗಸಿನ ಮುಖ ನೋಡಿದವಳು ನಾನೊಬ್ಬಳೇ. ಆ ದಿನ ಬಾಗಿಲಲ್ಲಿ ನನ್ನ ಮುಖ ನೋಡಿದವನು ನೀನೊಬ್ಬನೇ. ನನಗೆ ಏನೂ ನೆನಪಿಲ್ಲ. ನಾನು ಏನು ಮಾಡಿದೆ ಅಪ್ಪಾ?

ನಿನ್ನ ಚಿನಕುರುಳಿ


ಏಪ್ರಿಲ್ ೧೯

ನನ್ನ ಚಿನಕುರುಳಿ,

ಕಾಗದ ಬಂತು. ದರ್ಜಿಯ ಅಂಗಡಿಯಲ್ಲೇ ಕೂತು ಓದಿದೆ. ಅವನು ಮಿಷನ್ ನಿಲ್ಲಿಸಿ ಚಹಾ ತರಲು ಹೋದ.

ಹೇಳುತ್ತೇನೆ. ಆ ದಿನ ಮನೆಯ ಮೆಟ್ಟಿಲು ಹತ್ತುತ್ತ ನಿನಗೆ ಏನು ಹೇಳಲಿ ಎಂದು ಯೋಚಿಸಿಕೊಂಡೇ ಬಂದೆ. ಮೊದಲನೇ ಮಹಡಿಯಲ್ಲಿ ‘ಚೆನ್ನಾಗಿ ಓದು ಅಂದ್ಲು’ ಅಂತ ಮಾಡಿದೆ. ಅದು ಅವಳ ಮಾತಿನ ಹಾಗೆ ಇರಲಿಲ್ಲ. ಎರಡನೆಯದರಲ್ಲಿ ‘ಅಪ್ಪನ ಮಾತು ಕೇಳು ಅಂದ್ಲು’. ಅದು ನನಗೇ ನಗು ಬರುವ ಹಾಗಿತ್ತು. ಮೂರನೆಯದಕ್ಕೆ ಬರುವಾಗ ಕೈಯಲ್ಲಿ ಏನೂ ಇರಲಿಲ್ಲ. ಬಾಗಿಲ ಒಳಗೆ ನೀನು ಗೊಂಬೆಯ ಜೊತೆಯೋ ಯಾರ ಜೊತೆಯೋ ಒಂದೇ ಸಮನೆ ಮಾತಾಡುತ್ತಿದ್ದದ್ದು ಕೇಳಿಸಿತು. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ. ಆ ಮಾತು ಹುಟ್ಟಿದ್ದು ಅಲ್ಲಿ.

ನೀನು ಬಾಗಿಲು ತೆಗೆದು ಕೇಳಿದೆ. ನಾನು ಹೇಳಿದೆ. ನಿನ್ನ ಮುಖ ಅರಳಿತು. ಎರಡು ದಿನದಿಂದ ಏನೂ ಬಂದಿರಲಿಲ್ಲ ನೋಡು, ನೀನು ಹಸಿದಿದ್ದೆ. “ಅಮ್ಮನ ಥರ ಹೇಳು” ಅಂದೆ. ನನ್ನ ಗಂಟಲಲ್ಲಿ ಅವಳ ಥರ ಎಲ್ಲಿಂದ ಬರಬೇಕು? ಆದರೂ ಹೇಳಿದೆ. ನೀನು ನಕ್ಕು, “ಥೂ, ಹಾಗಲ್ಲ” ಅಂದೆ. ಸೊಂಟದ ಮೇಲೆ ಕೈ ಇಟ್ಟುಕೊಂಡು, ಕತ್ತು ಒಂದು ಕಡೆ ಮಾಡಿ, ನೀನೇ ಹೇಳಿ ತೋರಿಸಿದೆ.

ಅವಳೇ ಹೇಳಿದ ಹಾಗಿತ್ತು. ದನಿ, ಎಳೆತ, ಕೊನೆಯಲ್ಲಿ ಸ್ವಲ್ಪ ಗದರುವುದು, ಎಲ್ಲ. ಆ ಬೆಳಿಗ್ಗೆ ನಲವತ್ತು ನಿಮಿಷ ತಡವಾಗಿ ಬಂದು ಇನ್ನು ಈ ಜನ್ಮದಲ್ಲಿ ಕೇಳುವುದಿಲ್ಲ ಎಂದುಕೊಂಡಿದ್ದ ದನಿ ನಮ್ಮ ಮನೆಯ ಬಾಗಿಲಲ್ಲಿ ನಿಂತು ಮಾತಾಡಿತು.

“ಇನ್ನೊಂದ್ಸಲ ಹೇಳು” ಅಂದವನು ನಾನು. ನೀನು ಹೇಳಿದೆ. ಆಮೇಲೂ ಕೇಳಿದೆ, ಆಮೇಲೂ ಹೇಳಿದೆ. ಎಷ್ಟು ಸಲವೋ ಲೆಕ್ಕವಿಲ್ಲ. ನಿನಗೆ ಬೇಜಾರಾಗಿ, “ಸಾಕು ಅಪ್ಪಾ, ಕಾಲು ನೋವು” ಎಂದು ಹೊಸ್ತಿಲ ಮೇಲೆ ಕೂತುಬಿಟ್ಟೆ. ಆಗ ನಾನೂ ನಿನ್ನ ಪಕ್ಕ ಕೂತು, ಅಮ್ಮ ಹೋದಳು ಅಂತ ಹೇಳಿದೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬಾ.

ಅಪ್ಪ